ನಿಮಗಿದು ಗೊತ್ತೇ? ಘಟ್ಟದ ಈಚೆ ಬಾಟಲಿ, ಆಚೆ ದ್ರಾಕ್ಷಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ವ್ಯೂನಿಂದ ಉತ್ತರಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ವುಡಿನ್‌ವಿಲ್. ಈ ಸಣ್ಣ ಊರಿನಲ್ಲಿ ನೂರಕ್ಕೂ ಹೆಚ್ಚು ವೈನರಿಗಳು, ವೈನ್ ರುಚಿ ನೋಡುವ ಕೋಣೆಗಳು ಇವೆ. ಆದರೆ ಇಲ್ಲಿ ಸಿಗುವ ಕೆಂಪು ವೈನಿನ ದ್ರಾಕ್ಷಿ ಹೆಚ್ಚುಕಡಿಮೆ ಎಲ್ಲವೂ ಕ್ಯಾಸ್ಕೇಡ್ ಪರ್ವತಗಳ ಆಚೆ ಬೆಳೆದದ್ದು.

ಕಾರಣ ಮಳೆನೆರಳು. ಸಾಗರದಿಂದ ಬಂದ ಮೋಡಗಳು ಕ್ಯಾಸ್ಕೇಡ್‌ಗೆ ತಾಗಿ ಪಶ್ಚಿಮದಲ್ಲೇ ಸುರಿದುಬಿಡುತ್ತವೆ. ಸಿಯಾಟಲ್‌ಗೆ ವರ್ಷಕ್ಕೆ 900 ಮಿ.ಮೀ. ದಾಟಿ ಮಳೆಯಾದರೆ ಪೂರ್ವದ ದ್ರಾಕ್ಷಿ ಸೀಮೆಗೆ ದಕ್ಕುವುದು 150ರಿಂದ 200 ಮಿ.ಮೀ. ಅಷ್ಟೆ. ಆಗುಂಬೆಗೂ ಚಳ್ಳಕೆರೆಗೂ ಇರುವ ವ್ಯತ್ಯಾಸ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಷಿಂಗ್ಟನ್ ರಾಜ್ಯದ ಕನ್ನಡ ಸಂಘದ ಹೆಸರು 'ಸಹ್ಯಾದ್ರಿ'. ಇನ್ನೊಂದು ಘಟ್ಟದ ಮಡಿಲಲ್ಲಿರುವವರಿಗೆ ಎಷ್ಟು ಒಪ್ಪುವ ಹೆಸರು!

ಹಾಗಾದರೆ ಬಳ್ಳಿಗೆ ನೀರು? ಅದೇ ಪರ್ವತಗಳ ಹಿಮ ಕರಗಿ ಯಾಕಿಮಾ ನದಿಯಲ್ಲಿ ಹರಿದು ಬರುತ್ತದೆ. ಅದನ್ನು ಹನಿ ನೀರಾವರಿಯಲ್ಲಿ ಅಳೆದು ಕೊಡುತ್ತಾರೆ. ಮಳೆ ತೀರಾ ಕಡಿಮೆಯಾದ್ದರಿಂದ ಬಳ್ಳಿಗೆ ಯಾವಾಗ, ಎಷ್ಟು ನೀರು ಎಂಬುದು ಪೂರ್ತಿ ಬೆಳೆಗಾರರ ಕೈಯಲ್ಲೇ ಇದೆ.

ಕೆಂಪು ವೈನ್ ಪ್ರಿಯರು ಮೊದಲು ತಿಳಿಯಬೇಕಾದ ಹೆಸರು ರೆಡ್ ಮೌಂಟನ್. ಬೆಲ್ವ್ಯೂನಿಂದ ಸುಮಾರು 300 ಕಿ.ಮೀ. ದೂರ, ಬೆಂಟನ್ ಸಿಟಿಯ ಪಕ್ಕ. ಪರ್ವತವೆಂಬ ಹೆಸರಿದ್ದರೂ ಎತ್ತರ 1,410 ಅಡಿ, ಅಂದರೆ ಸುಮಾರು 430 ಮೀಟರ್. ನಮ್ಮ ನಂದಿಬೆಟ್ಟ 1,478 ಮೀಟರ್! ಮಣ್ಣೂ ಕೆಂಪಲ್ಲ. ವಸಂತದಲ್ಲಿ ಇಲ್ಲಿನ ಹುಲ್ಲು ಕೆಂಪಡರುವುದರಿಂದ ಈ ಹೆಸರು ಬಂತು ಎನ್ನುತ್ತಾರೆ.

1975ರಲ್ಲಿ ಜಾನ್ ವಿಲಿಯಮ್ಸ್, ಜಿಮ್ ಹೋಮ್ಸ್ ಎಂಬ ಇಬ್ಬರು ಗೆಳೆಯರು ಇಲ್ಲಿ ಮೊದಲ ಬಳ್ಳಿ ನೆಟ್ಟರು. ಹ್ಯಾನ್‌ಫರ್ಡ್ ಅಣುಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರು. ಕುರುಚಲು ಗಿಡಗಳ ಬರಡು ಇಳಿಜಾರಿನಲ್ಲಿ ಬೋರ್‌ವೆಲ್ ಕೊರೆಸಿ ಆರಂಭಿಸಿದ ತೋಟ ಅದು. 2001ರಲ್ಲಿ ರೆಡ್ ಮೌಂಟನ್‌ಗೆ ಪ್ರತ್ಯೇಕ ದ್ರಾಕ್ಷಿ ಸೀಮೆಯೆಂಬ ಸರ್ಕಾರಿ ಮಾನ್ಯತೆ ಸಿಕ್ಕಿತು. ವಿಸ್ತೀರ್ಣ ಸುಮಾರು 4,000 ಎಕರೆ. ಬಿಡದೆ ಬೀಸುವ ಗಾಳಿ, ಉರಿಬಿಸಿಲಿಗೆ ಇಲ್ಲಿನ ಹಣ್ಣು ಗಾತ್ರದಲ್ಲಿ ಚಿಕ್ಕದು, ಸಿಪ್ಪೆ ದಪ್ಪ. ಕೆಂಪು ವೈನಿಗೆ ಬಣ್ಣ, ಒಗರು ಎರಡೂ ಬರುವುದು ಸಿಪ್ಪೆಯಿಂದಲೇ. ಆದ್ದರಿಂದ ರೆಡ್ ಮೌಂಟನ್ನಿನ ಕ್ಯಾಬರ್ನೆ ಸಾವಿನ್ಯೋನ್ ಗಾಢ ಬಣ್ಣದ್ದು. ಮೊದಲ ಗುಟುಕಿಗೇ ನಾಲಗೆ ಬಿಗಿಯುವಷ್ಟು ಒಗರು. ಇದನ್ನು ಕೆಲವು ವರ್ಷ ಇಟ್ಟು ಕುಡಿಯುವುದೇ ಸರಿ.

ಈ ತೋಟಗಳ ಮಣ್ಣು ಬಂದದ್ದು ಪ್ರವಾಹದಲ್ಲಿ. ಸುಮಾರು 15,000 ವರ್ಷಗಳ ಹಿಂದೆ, ಹಿಮಯುಗದ ಕೊನೆಯಲ್ಲಿ, ಮೊಂಟಾನಾದ ಮಿಸೌಲ ಎಂಬ ದೈತ್ಯ ಸರೋವರದ ಹಿಮದ ಕಟ್ಟೆ ಮತ್ತೆ ಮತ್ತೆ ಒಡೆಯಿತು. ನುಗ್ಗಿದ ನೀರು ಇಲ್ಲಿ ಸುಮಾರು 1,200 ಅಡಿ ಮಟ್ಟದವರೆಗೆ ನಿಂತಿತ್ತು. ಆಗ ರೆಡ್ ಮೌಂಟನ್ನಿನ ನೆತ್ತಿಯಷ್ಟೇ ಮೇಲೆ ಕಂಡಿರಬೇಕು. 1923ರಲ್ಲಿ ಭೂವಿಜ್ಞಾನಿ ಜೆ. ಹಾರ್ಲೆನ್ ಬ್ರೆಟ್ಜ್ ಇಂಥದ್ದೊಂದು ಮಹಾಪ್ರವಾಹದ ಮಾತೆತ್ತಿದಾಗ ಪಂಡಿತರು ನಂಬಲಿಲ್ಲ. ಒಪ್ಪಲು ದಶಕಗಳೇ ಹಿಡಿದವು.

ಈ ರಾಜ್ಯದ ಉತ್ತಮ ವೈನಿನ ಕಥೆ ಒಂದು ಗ್ಯಾರೇಜಿನಿಂದಲೂ ಶುರುವಾಗುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಲಾಯ್ಡ್ ವುಡ್‌ಬರ್ನ್ ಸಿಯಾಟಲ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ವೈನ್ ಮಾಡುತ್ತಿದ್ದರು. 1962ರಲ್ಲಿ ಅವರೂ ಸ್ನೇಹಿತರೂ ಸೇರಿ 'ಅಸೋಸಿಯೇಟೆಡ್ ವಿಂಟ್ನರ್ಸ್' ಕಟ್ಟಿದರು. ಮುಂದೆ ಇದೇ ಕೊಲಂಬಿಯಾ ವೈನರಿ ಆಯಿತು. ವುಡಿನ್‌ವಿಲ್‌ಗೆ ಹೋಗುವ ಮುನ್ನ, 1980ರ ದಶಕದಲ್ಲಿ, ಅದು ನಡೆದದ್ದು ಬೆಲ್ವ್ಯೂನಲ್ಲೇ! ಅಲ್ಲಿನ ವೈನ್ ತಯಾರಕ ಡೇವಿಡ್ ಲೇಕ್ ಹುರಿದುಂಬಿಸಿದ್ದರಿಂದ ಬೆಳೆಗಾರ ಮೈಕ್ ಸಾವರ್ 1986ರಲ್ಲಿ ಯಾಕಿಮಾ ಕಣಿವೆಯ ರೆಡ್ ವಿಲೋ ತೋಟದಲ್ಲಿ ಸಿರಾ ತಳಿ ನೆಟ್ಟರು. ಇಂದು ರಾಜ್ಯದೆಲ್ಲೆಡೆ ಹಬ್ಬಿರುವ ಸಿರಾಕ್ಕೆ ಅದೇ ನಾಂದಿ.

2011ರ ಜನವರಿಯಲ್ಲಿ ಚೀನಾ ಅಧ್ಯಕ್ಷ ಹು ಜಿಂಟಾವೊ ಅವರಿಗೆ ಶ್ವೇತಭವನದಲ್ಲಿ ನಡೆದ ಔತಣದಲ್ಲಿ ಬಡಿಸಿದ ಕೆಂಪು ವೈನ್ ಈ ರಾಜ್ಯದ್ದೇ: ಕ್ವಿಲ್ಸೀಡಾ ಕ್ರೀಕ್‌ನ 2005ರ ಕ್ಯಾಬರ್ನೆ.

ಕರ್ನಾಟಕದಲ್ಲಿ ದ್ರಾಕ್ಷಿಬಳ್ಳಿ ನಿದ್ದೆಗೆ ಜಾರುವಷ್ಟು ಚಳಿ ಇಲ್ಲ. ಹಾಗಾಗಿ ವಿಜಯಪುರದ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಬಳ್ಳಿಯನ್ನು ಫಲಕ್ಕೆ ತಿರುಗಿಸುತ್ತಾರೆ. ಪೂರ್ವ ವಾಷಿಂಗ್ಟನ್‌ನಲ್ಲಿ ಸಮಸ್ಯೆ ತಿರುಗುಮುರುಗು. ಚಳಿಗೆ ಬಳ್ಳಿಯೇ ಸಾಯಬಹುದು. ಕೆಲವು ಬೆಳೆಗಾರರು ಒಂದು ರೆಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತಿಡುತ್ತಾರೆ. ಮೇಲಿನದು ಸತ್ತರೂ ಅದು ಉಳಿದು ಮತ್ತೆ ಚಿಗುರುತ್ತದೆ.

ಅಮೆರಿಕದಲ್ಲಿ ಅತಿ ಹೆಚ್ಚು ಕಾಂಕಾರ್ಡ್ ದ್ರಾಕ್ಷಿ ಬೆಳೆಯುವುದೂ ಇದೇ ರಾಜ್ಯ. ಅದು ಜ್ಯೂಸಿಗೆ ಹೋಗುತ್ತದೆ. 2013ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಇದೇ ಅಮೆರಿಕನ್ ವಂಶದ್ದು. ಕಾಂಕಾರ್ಡಿನ ಒಂದು ಹಣ್ಣು ಬಾಯಿಗೆ ಹಾಕಿದರೆ ಸಿಪ್ಪೆ ಜಾರಿ ತಿರುಳು ಬೇರೆಯಾಗುತ್ತದೆ, ಘಮವೂ ಪರಿಚಿತ. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ತಂದು ತೋಟ ಕಟ್ಟಿದ್ದು ಈ ನೀಲಿ ದ್ರಾಕ್ಷಿಯ ಸೀಮೆಯಲ್ಲೇ.

ರುಚಿ ನೋಡುವ ಕೋಣೆಯಲ್ಲಿ ಗುಟುಕನ್ನು ಬಾಯಲ್ಲಾಡಿಸಿ ಪಾತ್ರೆಗೆ ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪರಿಣತರು ಮಾಡುವುದೂ ಅದನ್ನೇ. 21 ತುಂಬದವರಿಗೆ ವೈನ್ ಕೊಡುವಂತಿಲ್ಲ. ವಾಹನ ಓಡಿಸುವವರು ಅಂದು ಕುಡಿಯಬೇಡಿ. ವುಡಿನ್‌ವಿಲ್ ನೋಡಿದ್ದಾದರೆ ಅಲ್ಲಿಗೇ ನಿಲ್ಲಿಸಬೇಡಿ. ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಬೆಲ್ವ್ಯೂ ಮೇಲೇ ಹಾದುಹೋಗುವ ಐ-90 ಹೆದ್ದಾರಿ ಹಿಡಿದು, ಸ್ನೋಕ್ವಾಲ್ಮಿ ಘಾಟಿ ದಾಟಿ, ಮಕ್ಕಳನ್ನೂ ಕರೆದುಕೊಂಡು ಹೋಗಿ ಆ ತೋಟಗಳನ್ನು ನೋಡಿಬನ್ನಿ.