ಎರಡಾಣೆಯ ವಿದ್ಯೆ

ದ್ರವ್ಯವನ್ನು ಕೂಡಿಡುವವರು ಎಲ್ಲಾ ಕಾಲಗಳಲ್ಲಿಯೂ ಇದ್ದಾರೆ. ಕೂಡಿದ ದ್ರವ್ಯವನ್ನು ಪರರ ಉದ್ಯೋಗಕ್ಕೆ ಒದಗಿಸಿ, ಅದು ನಷ್ಟವಾಗದಂತೆ ಮರಳಿ ಪಡೆಯಬಲ್ಲವರು ವಿರಳ. ಆ ಬಲ್ಮೆಯನ್ನು ಒಂದು ವಿದ್ಯೆಯನ್ನಾಗಿ ಮಾಡಿ ಮುಂದಿನವರಿಗೆ ಕಲಿಸಬೇಕೆಂದು ಎಣಿಸಿದವರು ಇನ್ನೂ ವಿರಳ. ತೋನ್ಸೆ ಅನಂತ ಪೈಗಳು (1922–1981) ಈ ಮೂರನೆಯ ವರ್ಗಕ್ಕೆ ಸೇರಿದವರು. ಕರಾವಳಿಯ ಒಂದು ಬ್ಯಾಂಕಿನಲ್ಲಿ ಬೆಳೆದ ಅವರು ತಮ್ಮ ಆಯುಷ್ಯದ ಕೊನೆಯಲ್ಲಿ, 1980ರಲ್ಲಿ, ಮಣಿಪಾಲದಲ್ಲಿ ವ್ಯವಹಾರ ನಿರ್ವಹಣೆಯ ವಿದ್ಯಾಲಯವೊಂದನ್ನು ಸ್ಥಾಪಿಸಿದರು. ಅವರ ಬ್ಯಾಂಕಿನ ಹೆಸರು ಇಂದು ಅಳಿದಿದೆ. ವಿದ್ಯಾಲಯವು ಅವರ ಹೆಸರನ್ನೇ ಹೊತ್ತು ನಿಂತಿದೆ. ಇದರ ಅರ್ಥವೇನೆಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂದು ನಾವು ಬಯಸುತ್ತೇವೆ.

ಮೊದಲು ಬ್ಯಾಂಕಿನ ಮಾತು. ದಕ್ಷಿಣ ಕನ್ನಡದ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಮಾಧವ ಅನಂತ ಪೈ ಎಂಬ ಮೂವರು ಸೇರಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಗಿನ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾದುದು ಇದೇ.

ಎಂಟು ಸಾವಿರ ರೂಪಾಯಿಗಳಿಂದ ಒಂದು ಸೀಮೆಯ ದಾರಿದ್ರ್ಯವು ನೀಗುವುದಿಲ್ಲವಷ್ಟೆ. ಹಣವನ್ನು ಎಲ್ಲಿಂದ ತರುವುದು? ಧನಿಕರು ಅಲ್ಪಸಂಖ್ಯರು; ಬಡವರಲ್ಲಿ ಹಣವಿಲ್ಲವೆಂದು ಎಲ್ಲರೂ ನಂಬಿದ್ದರು. ಬಡವನಲ್ಲಿ ನೂರು ರೂಪಾಯಿ ಇಲ್ಲದಿರಬಹುದು, ಸಂಜೆಗೆ ಎರಡಾಣೆ ಇರುತ್ತದೆ, ಆದರೆ ಅದನ್ನು ಇಡಲು ಸ್ಥಳವಿಲ್ಲದೆ ವೆಚ್ಚವಾಗಿ ಹೋಗುತ್ತದೆ ಎಂಬುದನ್ನು ಈ ಬ್ಯಾಂಕಿನವರು ಕಂಡುಕೊಂಡರು. 1928ರಲ್ಲಿ ಪಿಗ್ಮಿ ಠೇವಣಿಯ ಕ್ರಮವನ್ನು ಆರಂಭಿಸಿದರು. ಏಜೆಂಟನು ಪ್ರತಿದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸಿ, ಪುಸ್ತಕದಲ್ಲಿ ಬರೆದುಕೊಟ್ಟು ಬರುವನು. ಹನಿ ಹನಿಗೂಡಿ ಹಳ್ಳವಾಯಿತು.

ಇದರಲ್ಲಿ ಅಡಗಿರುವ ಇನ್ನೊಂದು ಲಾಭವನ್ನು ವಾಚಕರು ಗಮನಿಸಬೇಕು. ದಿನಂಪ್ರತಿ ಬಾಗಿಲಿಗೆ ಹೋಗುವವನಿಗೆ ಯಾರು ಉದ್ಯೋಗಶೀಲರು, ಯಾರ ವ್ಯಾಪಾರ ಇಳಿಮುಖವಾಗಿದೆ, ಯಾರ ಮಾತು ನಂಬತಕ್ಕದ್ದು ಎಂಬುದು ತಾನಾಗಿಯೇ ತಿಳಿಯುತ್ತದೆ. ಅಡವಿಡಲು ಏನೂ ಇಲ್ಲದವನಿಗೆ ಸಾಲ ಕೊಡಬೇಕಾದರೆ ಈ ತಿಳಿವಳಿಕೆಯೇ ಆಧಾರ. ಪೇಟೆಯ ದೊಡ್ಡ ಬ್ಯಾಂಕುಗಳು ಆಸ್ತಿಯ ಪತ್ರವನ್ನು ನೋಡುತ್ತಿದ್ದರೆ, ಇವರು ಮನುಷ್ಯನನ್ನು ನೋಡುತ್ತಿದ್ದರು.

ಅನಂತ ಪೈಗಳು ಈ ಮನೆತನದಲ್ಲಿ ಹುಟ್ಟಿ, ಈ ಪದ್ಧತಿಯ ನಡುವೆ ಬೆಳೆದವರು. ತರುಣರಾಗಿಯೇ ಬ್ಯಾಂಕಿನ ಕಾರ್ಯಭಾರಕ್ಕೆ ಹೆಗಲುಕೊಟ್ಟು, ಕ್ರಮೇಣ ಅದರ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಬ್ಯಾಂಕು ಹಳ್ಳಿಗಳಲ್ಲಿ ಶಾಖೆಗಳನ್ನು ತೆರೆಯಿತು. ಬೇಸಾಯಗಾರನಿಗೆ ಸಾಲ ಕೊಡುವುದು ಬ್ಯಾಂಕಿನ ಕೆಲಸವಲ್ಲವೆಂದು ಉಳಿದವರು ಹಿಂಜರಿಯುತ್ತಿದ್ದಾಗ ಇದು ಮುಂದೆ ಬಂದಿತು. 1969ನೆಯ ಜುಲೈ 19ರಂದು ಸರಕಾರವು 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದಾಗ ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲಿ ಸೇರಿತು. ಒಡೆತನವು ಕೈಬಿಟ್ಟರೂ, ಹೊಸ ವ್ಯವಸ್ಥೆಯಲ್ಲಿ ಅದರ ಮೊದಲ ಪಾಲಕಾಧಿಕಾರಿಗಳಾಗಿ ಪೈಗಳೇ ನಿಯುಕ್ತರಾದರು.

ಇದಕ್ಕೂ ಮುಂಚೆ, 1965ರಲ್ಲಿ, ಭಾರತ ಆಹಾರ ನಿಗಮವು ಹುಟ್ಟಿದಾಗ ಅದರ ಪ್ರಥಮ ಅಧ್ಯಕ್ಷ ಪದವಿಯು ಅವರಿಗೆ ಬಂದಿತ್ತು. ಬಳಿಕ ಜೀವವಿಮಾ ನಿಗಮದ ಅಧ್ಯಕ್ಷತೆ, 1972ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಪದವಿ, ಅನಂತರ ಕೈಗಾರಿಕೆಗಳ ಖಾತೆ. ಈ ಘಟ್ಟದಲ್ಲಿ ಅಹಿತಕರವಾದ ಒಂದು ಪ್ರಸಂಗವೂ ಉಂಟು. ಅಧಿಕಾರಿವರ್ಗದ ವಾಚಕರು ಅದನ್ನು ನೆನೆಯುವುದು ಯುಕ್ತ. 1975ರಲ್ಲಿ ಮಾರುತಿ ಕಾರಿನ ಕಾರಖಾನೆಯ ಬಗ್ಗೆ ಪಾರ್ಲಿಮೆಂಟಿನ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ವಿವರ ಸಂಗ್ರಹಿಸಿದ ಕೆಲವು ಅಧಿಕಾರಿಗಳು ಕೇಂದ್ರ ತನಿಖಾ ದಳದ ಕಿರುಕುಳಕ್ಕೆ ಗುರಿಯಾದರು. ಅವರು ಮಾಡಿದ ತಪ್ಪು ಕರ್ತವ್ಯಪಾಲನೆ ಮಾತ್ರ. ಮಂತ್ರಿಯಾಗಿದ್ದ ಪೈಗಳಿಂದ ಅವರ ರಕ್ಷಣೆ ಆಗಲಿಲ್ಲ. 1977ರಲ್ಲಿ ಷಾ ಆಯೋಗದ ಮುಂದೆ ನಿಂತು ನಡೆದುದನ್ನು ಹೇಳಿದರು. ನುಡಿದುದು ಸತ್ಯವೇ, ಆದರೆ ತಡವಾಗಿ. ಕೈಕೆಳಗಿನವನು ನೇರವಾಗಿ ನಡೆದಾಗ ಅವನ ಬೆನ್ನಿಗೆ ನಿಲ್ಲುವುದು ನಿರ್ವಹಣವಿದ್ಯೆಯ ಮೊದಲ ಪಾಠವಲ್ಲವೆ? ಸಮರ್ಥರಿಗೂ ಈ ಪಾಠವು ಅಧಿಕಾರದ ಸಮ್ಮುಖದಲ್ಲಿ ಕಠಿನವಾಗುತ್ತದೆ.

ಇಷ್ಟನ್ನೆಲ್ಲ ಕಂಡ ಮೇಲೆ ಅವರು ಮರಳಿದುದು ಮಣಿಪಾಲಕ್ಕೆ. ಆ ವೇಳೆಗೆ ಅಹಮದಾಬಾದು ಮತ್ತು ಕಲಕತ್ತೆಗಳಲ್ಲಿ 1961ರಿಂದಲೂ, ಬೆಂಗಳೂರಿನಲ್ಲಿ 1973ರಿಂದಲೂ ಸರಕಾರದ ನಿರ್ವಹಣ ಸಂಸ್ಥೆಗಳು ನಡೆಯುತ್ತಿದ್ದುವು. ಅವು ಮಹಾನಗರಗಳಲ್ಲಿ ಇದ್ದುವು. ಇದಾದರೋ ಉಡುಪಿಯ ಬಳಿಯ ಗುಡ್ಡದ ಮೇಲೆ. ವಿದ್ಯಾಲಯ ಆರಂಭವಾದ ಮರುವರ್ಷವೇ, 1981ರಲ್ಲಿ, ಪೈಗಳು ತೀರಿಕೊಂಡರು. ಮಣಿಪಾಲ ಇನ್ಸ್ಟಿಟ್ಯೂಟ್ ಆಫ್ ಮ್ಯಾನೇಜ್ಮೆಂಟ್ ಎಂದಿದ್ದುದಕ್ಕೆ ಆಮೇಲೆ ಅವರ ಹೆಸರನ್ನೇ ಇಡಲಾಯಿತು.

ಇನ್ನು ನಾವು ಮೊದಲು ಹೇಳಿದ ವಿಷಯ. ಕರಾವಳಿಯ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕು 2019ನೆಯ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಲೀನವಾದುವು. ಇದು ಅವಶ್ಯವೆಂದು ಹೇಳುವವರಿದ್ದಾರೆ. ದೊಡ್ಡ ಬ್ಯಾಂಕಿಗೆ ದೊಡ್ಡ ಸಾಲದ ನಷ್ಟವನ್ನು ತಡೆಯುವ ಶಕ್ತಿಯಿರುವುದೂ ನಿಜ. ಎರಡಾಣೆಯನ್ನು ವಸೂಲು ಮಾಡುವ ವೆಚ್ಚವೂ ಅಲ್ಪವಲ್ಲ. ಆದರೆ ಹೆಸರಿನ ಸಂಗಡ ಮನುಷ್ಯನನ್ನು ನೋಡಿ ಸಾಲ ಕೊಡುವ ಬಲ್ಮೆಯೂ ಲೀನವಾದರೆ ನಷ್ಟವಾಗುವುದು ಬ್ಯಾಂಕಿಗಲ್ಲ, ಬಡ ಉದ್ಯೋಗಿಗೆ. ಅವನು ಮರಳಿ ಬಡ್ಡಿಯ ಸಾಹುಕಾರನ ಜಗಲಿಗೆ ಹೋಗಿ ಕುಳಿತುಕೊಳ್ಳಬೇಕಾದೀತು.

ಸಂಸ್ಥೆಗಳು ಕೂಡುತ್ತವೆ, ಒಡೆಯುತ್ತವೆ, ಹೆಸರು ಬದಲಿಸುತ್ತವೆ. ಕಲಿತ ವಿದ್ಯೆಯು ಕಲಿಸುವವರಿದ್ದಷ್ಟು ಕಾಲ ಉಳಿಯುತ್ತದೆ. ಬ್ಯಾಂಕಿನ ಅಧ್ಯಕ್ಷಪೀಠ, ಮಂತ್ರಿಯ ಪೀಠ ಎರಡಕ್ಕಿಂತಲೂ ಪೈಗಳ ಕೊನೆಯ ಕೆಲಸವೇ ಹೆಚ್ಚು ದೂರದೃಷ್ಟಿಯದೆಂದು ನಾವು ಎಣಿಸುವುದು ಇದರಿಂದಲೇ. ಆದರೆ ವಿದ್ಯಾಲಯಕ್ಕೆ ಹೆಸರಿಟ್ಟ ಮಾತ್ರದಿಂದ ವಿದ್ಯೆಯು ಉಳಿಯದು. ನಿರ್ವಹಣವಿದ್ಯೆಯ ಪದವಿ ಪಡೆದು ಹೊರಬರುವ ತರುಣನು ಕೋಟಿಗಳ ಲೆಕ್ಕವನ್ನು ಚೆನ್ನಾಗಿ ಬಲ್ಲನು. ಬೀದಿಯ ಕೊನೆಯ ಅಂಗಡಿಯವನು ಸಂಜೆಗೆ ಎಷ್ಟು ಉಳಿಸಬಲ್ಲ, ಎಷ್ಟು ಸಾಲವನ್ನು ತೀರಿಸಬಲ್ಲ ಎಂಬುದನ್ನೂ ಅವನು ಬಲ್ಲನೆ? ಇಂತಹ ವಿದ್ಯಾಲಯಗಳನ್ನು ನಡೆಸುವವರು ವರ್ಷಕ್ಕೆ ಕೆಲವು ದಿನವಾದರೂ ಶಿಷ್ಯರನ್ನು ಠೇವಣಿ ಕೂಡಿಸುವವನ ಹಿಂದೆ ಬಾಗಿಲಿಂದ ಬಾಗಿಲಿಗೆ ಕಳುಹಿಸಲಿ. ಗ್ರಂಥಗಳಲ್ಲಿ ದೊರೆಯದ ಅಧ್ಯಾಯವೊಂದು ಅಲ್ಲಿ ದೊರೆಯುವುದು.