ನಿಂತ ನೀರಿನಲ್ಲಿ ಪಲ್ಯದ ಬೆಳೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಕರಜಗಿಯೂ ಅದರ ನೆರೆಹೊರೆಯ ಹಳ್ಳಿಗಳೂ ಜೋಳ ತೊಗರಿಗಳಿಗೆ ಹೆಸರಾದ ಎರೆಭೂಮಿಯ ಸೀಮೆಗೆ ಸೇರಿದವಾದುದರಿಂದ, ಹಿಂಗಾರಿಯ ರಾಶಿ ಮುಗಿದು, ಬಾವಿಯ ನೀರು ತಳ ಕಂಡು, ನೆಲ ಬಿರಿಯತೊಡಗಿದ ಮೇಲೆ ಅಲ್ಲಿಯ ಮನೆಗಳಲ್ಲಿ ರೊಟ್ಟಿಗೆ ಕೊರತೆಯಿಲ್ಲದಿದ್ದರೂ ರೊಟ್ಟಿಯ ಜೊತೆಗಿನ ಹಸಿರು ಪಲ್ಯಕ್ಕೆ ಕೊರತೆಯುಂಟು. ಸೊಲ್ಲಾಪುರ ಜಿಲ್ಲೆಯ ವಾರ್ಷಿಕ ವೃಷ್ಟಿ ಸುಮಾರು 500ರಿಂದ 600 ಮಿಲಿಮೀಟರಿನ ಆಸುಪಾಸಿನದು. ಅದೂ ನಂಬಿ ಕೂರುವಂತಹುದಲ್ಲ. ಸೊಲ್ಲಾಪುರದಲ್ಲಿ 1933ರಷ್ಟು ಹಿಂದೆಯೇ ಒಣಬೇಸಾಯದ ಸಂಶೋಧನಾ ಕೇಂದ್ರವೊಂದು ಸ್ಥಾಪಿತವಾದುದಕ್ಕೆ ಈ ಅನಿಶ್ಚಯವೇ ಕಾರಣ. ಇಂಥ ನಾಡಿನಲ್ಲಿ ಮಣ್ಣನ್ನೇ ಬಿಟ್ಟು ನೀರಿನಲ್ಲಿ ಗಿಡ ಬೆಳೆಸುವ ಮಾತೆತ್ತಿದರೆ ಕೇಳಿದವರು ನಕ್ಕಾರು. ಆದರೆ ಮಡಿಗೆ ಹಾಯಿಸಿದ ನೀರಿನಲ್ಲಿ ಒಂದಂಶ ಪಾತಾಳಕ್ಕಿಳಿದು, ಒಂದಂಶ ಬಿಸಿಲಿಗೆ ಆವಿಯಾಗಿ, ಮತ್ತೊಂದಂಶ ಕಳೆಯ ಪಾಲಾಗುವುದನ್ನು ಕಂಡವರು, ಮುಚ್ಚಿದ ಪಾತ್ರೆಯೊಂದರಲ್ಲಿ ನೀರು ಎಲೆಯ ದಾರಿಯೊಂದನ್ನೇ ಹಿಡಿದು ಹೊರಹೋಗುವ ಕ್ರಮವನ್ನು ಮಿತವ್ಯಯವೆಂದೇ ಎಣಿಸುವರು.

ಈ ವಿದ್ಯೆ ಹೊಸದಲ್ಲ. ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬ ವಿದ್ವಾಂಸನು 1699ರಷ್ಟು ಹಿಂದೆಯೇ ಪುದೀನ ಗಿಡಗಳನ್ನು ಬಗೆಬಗೆಯ ನೀರಿನಲ್ಲಿ ಬೆಳೆಸಿ ನೋಡಿದ್ದನು. ನಮ್ಮ ದೇಶದಲ್ಲಿಯೂ 1946ರ ವೇಳೆಗೆ ಶೋಲ್ಟೊ ಡಗ್ಲಸ್ ಎಂಬಾತನು ಕಾಲಿಂಪಾಂಗಿನಲ್ಲಿ ಪ್ರಯೋಗಗಳನ್ನು ನಡೆಸಿ, ‘ಬಂಗಾಳ ಪದ್ಧತಿ’ಯೆಂದು ಲೋಕಕ್ಕೆ ಪರಿಚಿತವಾದ ಅಗ್ಗದ ವಿಧಾನವೊಂದನ್ನು ರೂಪಿಸಿದನು. ನಾವಿಲ್ಲಿ ಹೇಳಹೊರಟಿರುವುದು ಅದಕ್ಕಿಂತಲೂ ಸರಳವಾದುದು: ಹವಾಯಿ ವಿಶ್ವವಿದ್ಯಾನಿಲಯದ ಬಿ. ಎ. ಕ್ರಾಟ್ಕಿಯವರ ಹೆಸರಿನಿಂದ ಪ್ರಸಿದ್ಧವಾದ, ಪಂಪು ಬೇಡದ, ವಿದ್ಯುತ್ತು ಬೇಡದ, ನಿಂತ ನೀರಿನ ಪದ್ಧತಿ.

ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆಂಬುದನ್ನು ರೈತರೆಲ್ಲರೂ ಬಲ್ಲರು. ಬೇರಿಗೂ ಉಸಿರು ಬೇಕು. ನೀರಿನಲ್ಲಿ ಕರಗಿರುವ ಪ್ರಾಣವಾಯುವಾದರೋ ಅತ್ಯಲ್ಪ. ಹಾಗಿದ್ದ ಮೇಲೆ ಈ ಗಿಡ ಬದುಕುವುದು ಹೇಗೆ? ಬಕೀಟಿನ ಮುಚ್ಚಳದಲ್ಲಿ ರಂಧ್ರ ಕೊರೆದು, ಜಾಲರಿಯ ಪುಟ್ಟ ಬಟ್ಟಲಿನಲ್ಲಿ ತೆಂಗಿನ ನಾರಿನ ನಡುವೆ ಸಸಿಯನ್ನಿರಿಸಿ, ಬಟ್ಟಲಿನ ಬುಡವನ್ನಷ್ಟೇ ನೀರು ಮುಟ್ಟುವಂತೆ ತುಂಬಿಸಿಡುತ್ತಾರೆ. ದಿನಗಳೆದಂತೆ ಗಿಡವು ನೀರನ್ನು ಹೀರಿಕೊಳ್ಳುತ್ತ ಬರುವುದರಿಂದ ಮಟ್ಟ ಇಳಿದು, ಮುಚ್ಚಳಕ್ಕೂ ನೀರಿಗೂ ನಡುವೆ ತೇವದ ಗಾಳಿ ತುಂಬಿದ ಅವಕಾಶವೊಂದು ಏರ್ಪಡುತ್ತದೆ. ಮುಚ್ಚಳವೆತ್ತಿ ನೋಡಿದರೆ ಬೇರುಗಳಲ್ಲಿ ಎರಡು ವರ್ಗಗಳು ಕಾಣಿಸುತ್ತವೆ: ಮೇಲಿನವು ಗಾಳಿಯಲ್ಲಿ ಕವಲೊಡೆದು ದಟ್ಟವಾಗಿ ಹೆಣೆದುಕೊಂಡು ಉಸಿರಾಟಕ್ಕೆ ನಿಂತವು, ಕೆಳಗಿನವು ನೀಳವಾಗಿ ಇಳಿಬಿದ್ದು ಆಹಾರಕ್ಕೆ ಹೊರಟವು. ಗಾಳಿಗೆ ಒಗ್ಗಿದ ಮೇಲುಬೇರನ್ನು ಮತ್ತೆ ನೀರಿನಲ್ಲಿ ಮುಳುಗಿಸಿದರೆ ಗಿಡ ಉಸಿರುಗಟ್ಟಿ ಬಾಡುತ್ತದೆ. ಆದುದರಿಂದ ನೀರು ಇಳಿದಿತೆಂಬ ಮರುಕದಿಂದ ಕಂಠಮಟ್ಟ ತುಂಬಿಸುವ ಕೈಗಳಿಂದಲೇ ಈ ಬೆಳೆಗೆ ಹೆಚ್ಚು ಅಪಾಯ. ಲೆಟ್ಯೂಸ್ ಎಂಬ ವಿದೇಶೀ ಸೊಪ್ಪಿನ ಒಂದು ಗಿಡಕ್ಕೆ ಸುಮಾರು 4 ಲೀಟರು ನೀರು, ನಾಟಿಯಿಂದ ಐದಾರು ವಾರಗಳ ಅವಧಿ. ಅಲ್ಲಿಗೆ ನೀರೂ ಮುಗಿಯಿತು, ಬೆಳೆಯೂ ಕೈಗೆ ಬಂದಿತು.

ಗೊಬ್ಬರದ ವಿಷಯದಲ್ಲಿ ಒಂದು ಮಾತು ಅವಶ್ಯ. ಮನೆಯ ಮೂಲೆಯಲ್ಲಿರುವ ಸರ್ಕಾರಿ ಗೊಬ್ಬರದ ಚೀಲದಿಂದ ಹಿಡಿ ಯೂರಿಯಾವನ್ನು ನೀರಿಗೆ ಹಾಕಿದರಾಯಿತೆಂದು ತೋರುವುದು ಸಹಜ. ಆದರೆ ಹೊಲದಲ್ಲಿ ಯೂರಿಯಾ ಫಲಕಾರಿಯಾಗುವುದು ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುವುದರಿಂದ. ಬಕೀಟಿನ ನೀರಿನಲ್ಲಿ ಆ ಸೇವಕವರ್ಗವಿಲ್ಲ. ಆದುದರಿಂದ ನೈಟ್ರೇಟ್ ರೂಪದ ಲವಣಗಳನ್ನೇ ಕೊಡಬೇಕು. ಅವುಗಳಲ್ಲಿಯೂ ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟು ಫಾಸ್ಫೇಟುಗಳ ಸಂಗಡ ಗಾಢದ್ರವವಾಗಿ ಬೆರೆಸಿದರೆ ಸುಣ್ಣದಂತೆ ತಳಕ್ಕೆ ಕೂರುವುದರಿಂದ, ಅಂಗಡಿಯಲ್ಲಿ ಈ ಆಹಾರವನ್ನು ಎರಡು ಪ್ರತ್ಯೇಕ ಡಬ್ಬಿಗಳಲ್ಲಿ ಮಾರುವರು. ಬೋರಿನ ಸವಳು ನೀರು ಇದಕ್ಕೆ ಒಗ್ಗದು. ಗಿಡ ನೀರನ್ನು ಹೀರಿದಷ್ಟೂ ಉಳಿದ ಉಪ್ಪು ಗಟ್ಟಿಯಾಗುತ್ತ ಹೋಗುವುದು. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರೇ ಶ್ರೇಷ್ಠ. ಮಣ್ಣಿನ ಗಡಿಗೆ ತಂಪೆಂದು ಬಳಸಹೋದರೆ ದ್ರವವು ಅದರ ಮೈಯಿಂದ ಜಿನುಗಿ ಹೊರಗೆ ಬಿಳಿಯ ಉಪ್ಪಿನ ಪೊರೆಯಾಗುವುದು. ಬೆಳಕು ತೂರುವ ಗಾಜಿನ ಪಾತ್ರೆಯಲ್ಲಿ ಪಾಚಿ ಬೆಳೆಯುವುದು. ದಪ್ಪ ಪ್ಲಾಸ್ಟಿಕ್ ಬಕೀಟಿಗೆ ಒದ್ದೆ ಗೋಣಿತಟ್ಟು ಸುತ್ತಿಟ್ಟರೆ ಸಾಕು. ಮುಚ್ಚಳದ ಸಂದುಗಳನ್ನಂತೂ ಬಿಗಿಯಾಗಿ ಮುಚ್ಚಬೇಕು. ಇಲ್ಲವಾದರೆ ಪಲ್ಯಕ್ಕಿಂತ ಮೊದಲು ಸೊಳ್ಳೆಯ ಬೆಳೆ ಬಂದೀತು.

ಪಾಶ್ಚಾತ್ಯ ದೇಶಗಳಲ್ಲಿ ಈ ಪದ್ಧತಿಯನ್ನು ಗಾಂಜಾ ಗಿಡಕ್ಕೂ ಅನ್ವಯಿಸುವವರುಂಟು. ಸಾಮಾನ್ಯ ಗಾಂಜಾ ಹಗಲು ಕುಗ್ಗುವ ಋತುವನ್ನು ಕಾದು ಹೂಬಿಡುವಂಥದು. ರಷ್ಯದ ಸಸ್ಯವಿಜ್ಞಾನಿ ಯಾನಿಷೆವ್‌ಸ್ಕಿ 1924ರಲ್ಲಿ ವರ್ಣಿಸಿದ ಕುಳ್ಳ ಪ್ರಭೇದವಾದರೋ ಋತುವನ್ನು ಲೆಕ್ಕಿಸದೆ ವಯಸ್ಸಿಗೆ ಬಂದೊಡನೆ ಹೂಬಿಡುವುದು. ಅದರ ಸಂಕರದಿಂದ ಹುಟ್ಟಿದ ಅಲ್ಪಾಯುವಾದ ತಳಿಗಳು ಒಮ್ಮೆ ತುಂಬಿಸಿದ ಪಾತ್ರೆಗೆ ಹೊಂದಿಕೊಳ್ಳುವುದು ಸಸ್ಯಶಾಸ್ತ್ರದ ದೃಷ್ಟಿಯಿಂದ ಆಶ್ಚರ್ಯವಲ್ಲ. ಕೆನಡಾದಲ್ಲಿ 2018ರಿಂದ ಗಾಂಜಾ ಬಹುಮಟ್ಟಿಗೆ ಕಾನೂನುಸಮ್ಮತ. ನಮ್ಮಲ್ಲಿಯಾದರೋ 1985ರ ಮಾದಕದ್ರವ್ಯ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಬೆಳೆದವನಿಗೆ ಹತ್ತು ವರ್ಷಗಳವರೆಗಿನ ಕಠಿಣ ಕಾರಾವಾಸ ಒದಗಬಹುದು. ಹಿತ್ತಲಿಗೆ ಪಾಲಕವೇ ಸಾಕು.

ಈ ಪದ್ಧತಿಯಿಂದ ಕೃಷಿಯೇ ಬದಲಾದೀತೆಂದು ಸಾರುವವರ ಮಾತನ್ನು ನಂಬಬೇಕಾಗಿಲ್ಲ. ಜೋಳವನ್ನೂ ತೊಗರಿಯನ್ನೂ ಬಕೀಟಿನಲ್ಲಿ ಬೆಳೆಯಲಾಗದು. ಗೆಡ್ಡೆಗಳಿಗೆ ಇದು ಹೊಂದದು. ಬದನೆ ಟೊಮ್ಯಾಟೊಗಳಂಥ ದೀರ್ಘಾವಧಿಯ ಗಿಡಗಳಿಗೆ ಹಂಡೆಯಷ್ಟು ನೀರು ಬೇಕು. ಸೊಲ್ಲಾಪುರ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುವ ಏಪ್ರಿಲ್ ಮೇ ತಿಂಗಳುಗಳಲ್ಲಿ ನೀರು ಬೆಚ್ಚಗಾಗಿ, ಅದರಲ್ಲಿನ ಪ್ರಾಣವಾಯು ಮತ್ತಷ್ಟು ಕಡಮೆಯಾಗಿ, ಬೇರು ಕೊಳೆಯುವ ಸಂಭವ ಹೆಚ್ಚು. ಮಾಡಿ ನೋಡುವ ಮನಸ್ಸುಳ್ಳವರು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು, ದೀಪಾವಳಿ ಕಳೆದ ಮೇಲೆ, ಪಾಲಕವನ್ನೋ ಪುದೀನವನ್ನೋ ಒಂದೇ ಬಕೀಟಿನಲ್ಲಿ ನೆಟ್ಟು ಆರಂಭಿಸುವುದು ಲೇಸು.