ಸುಮ್ನಿರು ಅಂದ್ರೆ ಆಗುತ್ತಾ?

ಒಂದನೇ ಕ್ಲಾಸಿನ ಹುಡುಗನ ರಬ್ಬರನ್ನು ಪಕ್ಕದವನು ಎತ್ತಿಕೊಂಡ. ಅಷ್ಟೇ. ಹುಡುಗನ ಮುಖ ಕೆಂಪಾಯಿತು, ಸ್ಲೇಟು ಹಾರಿತು, ನೆಲದ ಮೇಲೆ ಕೂತು ಗೋಳೋ ಎಂದು ಅಳತೊಡಗಿದ. ‘ಇಷ್ಟಕ್ಕೆಲ್ಲಾ ಯಾರಾದ್ರೂ ಅಳ್ತಾರಾ? ಸುಮ್ನಿರು!’ ಎನ್ನುವುದು ನಮ್ಮ ಬಾಯಿಗೆ ಮೊದಲು ಬರುವ ಮಾತು. ನಾನೂ ಅಂದಿದ್ದೇನೆ. ಅದರಿಂದ ಮಕ್ಕಳು ಸುಮ್ಮನಾದದ್ದು ಕಡಿಮೆ, ಇನ್ನಷ್ಟು ಬಿಕ್ಕಿದ್ದೇ ಹೆಚ್ಚು.

ಮಿದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಾಲ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ ಮೊದಲು ಹುಯಿಲೆಬ್ಬಿಸುವುದು ಅದೇ. ಆರು ವರ್ಷದ ಮಗುವಿನಲ್ಲೂ ಅದು ಚುರುಕಾಗಿರುತ್ತದೆ. ಆದರೆ ಅದಕ್ಕೆ ‘ತಡಿ, ನೋಡೋಣ’ ಎನ್ನಬೇಕಾದ ಹಣೆಯ ಹಿಂದಿನ ಭಾಗ, ಅಂದರೆ ಪ್ರೀಫ್ರಂಟಲ್ ಕಾರ್ಟೆಕ್ಸ್, ಪೂರ್ತಿ ಬಲಿಯುವುದು 25ರ ಆಸುಪಾಸಿಗೆ. ಆರರ ಮಗುವಿಗೆ ಸುಮ್ನಿರು ಎಂದು ಆಜ್ಞೆ ಮಾಡುವುದು, ಹಲ್ಲು ಬಾರದ ಬಾಯಿಗೆ ಕಡಲೆ ಹಾಕಿ ಅಗಿ ಎಂದ ಹಾಗೆ.

ಹಾಗಾದರೆ ಏನು ಮಾಡಬೇಕು? ಕಾಸು ಖರ್ಚಿಲ್ಲದ ಒಂದು ಉಪಾಯ, ಒಳಗಿನ ಭಾವನೆಗೆ ಹೆಸರಿಡುವುದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಸಿಟ್ಟಿನ, ಹೆದರಿಕೆಯ ಮುಖಗಳ ಚಿತ್ರ ತೋರಿಸಿದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮುಖಕ್ಕೆ ‘ಸಿಟ್ಟು’ ಎಂಬ ಪದ ಹೊಂದಿಸಿದಾಗ ಅಮಿಗ್ಡಾಲದ ಗದ್ದಲ ತಗ್ಗಿತ್ತು. ಅದೇ ಮುಖಕ್ಕೆ ಯಾರದೋ ಹೆಸರನ್ನು ಹೊಂದಿಸಿದಾಗ ಅಷ್ಟು ತಗ್ಗಿರಲಿಲ್ಲ. ಆ ಪ್ರಯೋಗಕ್ಕೆ ಒಳಗಾದವರು ದೊಡ್ಡವರು, ಮಕ್ಕಳಲ್ಲ. ಅಷ್ಟು ಎಚ್ಚರ ಇರಲಿ. ಆದರೂ ಕೈಯಲ್ಲಿ ಪದವೇ ಇಲ್ಲದ ಮಗು ಸ್ಲೇಟನ್ನಲ್ಲದೆ ಇನ್ನೇನನ್ನು ಎಸೆದೀತು?

ಕನ್ನಡದಲ್ಲಿ ಇದಕ್ಕೇನು ಬರವೇ! ಸಿಟ್ಟು ಬೇರೆ, ಮುನಿಸು ಬೇರೆ. ಮುನಿಸಿಕೊಂಡವರಿಗೆ ‘ಯಾರಾದರೂ ಬಂದು ರಮಿಸಲಿ’ ಎಂಬ ಆಸೆ ಇರುತ್ತದೆ, ಸಿಟ್ಟಿಗೆ ಅದಿಲ್ಲ. ದಿಗಿಲು, ಅಳುಕು, ತಳಮಳ, ಕಸಿವಿಸಿ, ಹೊಟ್ಟೆಕಿಚ್ಚು ಎಲ್ಲವೂ ಇವೆ. ಮಕ್ಕಳದೇ ಆದ ‘ಟೂ ಬಿಡೋದು’ ಕೂಡ ಇದೆ. ಆದರೆ ನಾನು ಕೇಳಿದ ಎಷ್ಟೋ ಮಕ್ಕಳ ಬಾಯಲ್ಲಿ ಎಲ್ಲಕ್ಕೂ ಒಂದೇ ಉತ್ತರ: ‘ಬೇಜಾರು’. ‘ಸಿಟ್ಟು ಬಂತಾ ಪುಟ್ಟಾ, ಇಲ್ಲಾ ಫ್ರೆಂಡೇ ಕೇಳ್ದೆ ತಗೊಂಡ ಅಂತ ನೋವಾಯ್ತಾ?’ ಎಂದು ಕೇಳಿದರೆ, ಎಷ್ಟೋ ಸಲ ಅಳು ಅರ್ಧಕ್ಕೆ ನಿಂತು ಮಗು ಯೋಚನೆಗೆ ಬೀಳುತ್ತದೆ.

ರಂಪ ಏರಿದ ಹೊತ್ತಿನಲ್ಲಿ ಮಾತ್ರ ಯಾವ ಪದವೂ ಕಿವಿಗೆ ಇಳಿಯುವುದಿಲ್ಲ. ಆಗ ಉಸಿರೇ ಗತಿ. ಸ್ಟ್ಯಾನ್‌ಫೋರ್ಡ್‌ನ ಯೆಲೆನಾ ಒಬ್ರಾಡೊವಿಚ್ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷದ ಆಸುಪಾಸಿನ ಮಕ್ಕಳು ಒಂದು ನಿಮಿಷದ ವಿಡಿಯೊ ನೋಡುತ್ತಾ ಕೆಲವೇ ಸಲ ನಿಧಾನವಾಗಿ ಉಸಿರಾಡಿದ್ದಕ್ಕೇ ಎದೆಬಡಿತ ತಗ್ಗಿತ್ತು. ಹೂವು ಮೂಸು, ಮೇಣದಬತ್ತಿ ಊದು ಎಂದು ಮಕ್ಕಳಿಗೆ ಇದನ್ನು ಕಲಿಸುವುದುಂಟು. ನಮ್ಮ ಮನೆಗಳಲ್ಲಿ ಬಾಯಿಂದ ಊದಿ ದೀಪ ಆರಿಸಿದರೆ ಅಜ್ಜಿ ಬೈಯುತ್ತಾರೆ. ಮಲ್ಲಿಗೆ ಮೂಸು, ಬಿಸಿ ಹಾಲು ಆರಿಸು ಎಂದರಾಯಿತು. ಇದನ್ನು ನೆಮ್ಮದಿಯ ದಿನವೇ ಆಟವಾಗಿ ಆಡಿಸಿರಬೇಕು. ಅತ್ತ ಮೇಲೆ ಕಲಿಸಹೊರಟರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಇಷ್ಟೆಲ್ಲ ಮಗುವಿನ ಒಳಗಿನ ಮಾತಾಯಿತು. ಹೊರಗಿನದೂ ಒಂದಿದೆ. ಅಮೆರಿಕದ ರೋಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು 3ರಿಂದ 5 ವರ್ಷದ 28 ಮಕ್ಕಳಿಗೆ ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, ‘ಸ್ವಲ್ಪ ಕಾದರೆ ಒಳ್ಳೆಯವು ತರ್ತೀವಿ’ ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದವರ ಬಳಿ ಬರಿಗೈಯಲ್ಲಿ ಬಂದು ‘ಇಲ್ಲವಂತೆ, ಸಾರಿ’ ಎಂದರು. ಆಮೇಲೆ ಎಲ್ಲರ ಮುಂದೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಇಟ್ಟು, ತಿನ್ನದೆ ಕಾದವರಿಗೆ ಇನ್ನೊಂದು ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಸುಮಾರು 3 ನಿಮಿಷ. ಇಂದ್ರಿಯನಿಗ್ರಹ ಎಂದು ನಾವು ಕರೆಯುವುದರಲ್ಲಿ ನಂಬಿಕೆಯ ಪಾಲೂ ಇಷ್ಟಿದೆ.

ಬೆಲ್ ಆದ ಮೇಲೆ ರಬ್ಬರು ಕೊಡಿಸ್ತೀನಿ ಎಂದು ಟೀಚರ್ ಆ ಹುಡುಗನಿಗೆ ಹೇಳಿದ್ದರೆ, ಬೆಲ್ ಹೊಡೆದ ಕೂಡಲೇ ಅವನು ತಿರುಗಿ ನೋಡುವುದು ಅವರ ಮುಖವನ್ನೇ.